ಬಿದ್ದದ್ದು ಗೆಟ್‌ನಲ್ಲಿ, ತಪ್ಪು ಓಪನ್‌ನಲ್ಲಿ: ಮೇನ್‌ಫ್ರೇಮ್ ಅಸೆಂಬ್ಲರ್‌ನಲ್ಲಿ ಸೀಕ್ವೆನ್ಷಿಯಲ್ ಫೈಲ್ ಓದುವಾಗಿನ ದೋಷ ನಿವಾರಣೆ

ಅಮೆರಿಕದ ಪೂರ್ವ ಕರಾವಳಿಯಲ್ಲಿ ನಡುರಾತ್ರಿ ಬಿದ್ದ ಬ್ಯಾಚ್ ಜಾಬ್ ಬೆಂಗಳೂರಿನಲ್ಲಿ ಕೂತವರ ಪರದೆಗೆ ಬರುವುದು ಬೆಳಿಗ್ಗೆ ಒಂಬತ್ತೂವರೆಗೋ ಹತ್ತೂವರೆಗೋ. ಅದು ಕೋಬಾಲ್ ಆಗಿದ್ದರೆ ಯಾರಾದರೊಬ್ಬರು ಕೈಹಾಕುತ್ತಾರೆ. ಅಸೆಂಬ್ಲರ್ ಎಂದು ಗೊತ್ತಾದ ಕೂಡಲೇ ಅಕ್ಕಪಕ್ಕದವರಿಗೆಲ್ಲ ಬೇರೆ ಮೀಟಿಂಗ್ ನೆನಪಾಗುತ್ತದೆ. ಆ ಕುರ್ಚಿಯಲ್ಲಿ ಒಂಟಿಯಾಗಿ ಉಳಿದವರಿಗಾಗಿ ಈ ಬರಹ.

ಇಲ್ಲಿ ನೋಡುತ್ತಿರುವುದು ಒಂದೇ ಒಂದು ಕೆಲಸ: ಕ್ಯೂಸ್ಯಾಮ್ (ರೆಕಾರ್ಡ್‌ಗಳನ್ನು ಬಫರ್ ಮೂಲಕ ಒಂದೊಂದಾಗಿ ಕೊಡುವ ಸಿಸ್ಟಮ್ ಸೌಲಭ್ಯ) ಮೂಲಕ ಸೀಕ್ವೆನ್ಷಿಯಲ್ ಫೈಲನ್ನು ಮೊದಲಿಂದ ಕೊನೆಯವರೆಗೆ ಓದುವುದು. 1964ರಲ್ಲಿ ಐಬಿಎಂ ಸಿಸ್ಟಮ್/360 ಘೋಷಿಸಿತು, ಅದರ ಓಎಸ್/360 ಜೊತೆ ಬಂದ ಡಿಸಿಬಿ (ಫೈಲ್‌ನ ವಿವರ ಇಡುವ ಕಂಟ್ರೋಲ್ ಬ್ಲಾಕ್), ಓಪನ್ (ತೆರೆಯಲು), ಗೆಟ್ (ಒಂದು ರೆಕಾರ್ಡ್ ಓದಲು), ಕ್ಲೋಸ್ (ಮುಚ್ಚಲು) ಎಂಬ ನಾಲ್ಕು ಮ್ಯಾಕ್ರೊ ಇಂದಿನ ಮೇನ್‌ಫ್ರೇಮ್ ಆಪರೇಟಿಂಗ್ ಸಿಸ್ಟಮ್ ಝಡ್‌ಓಎಸ್‌ನಲ್ಲೂ ಹೆಚ್ಚುಕಡಿಮೆ ಅದೇ ರೂಪದಲ್ಲಿವೆ. ಹಾಗಾಗಿ ಎಪ್ಪತ್ತರ ದಶಕದಲ್ಲಿ ಬರೆದ ಪ್ರೋಗ್ರಾಮ್ ಇವತ್ತಿಗೂ ಓಡುತ್ತದೆ, ಬೀಳುವುದೂ ಆಗಿನ ಕಾರಣಗಳಿಗೇ.

ನನ್ನ ಅನುಭವದಲ್ಲಿ ಇಂಥ ಜಾಬ್ ಬೀಳುವುದು ಗೆಟ್ ಹತ್ತಿರ, ಇಲ್ಲವೇ ಅದರ ಮುಂದಿನ ಯಾವುದೋ ಲೆಕ್ಕದಲ್ಲಿ. ತಪ್ಪು ಮಾತ್ರ ಬಹುಪಾಲು ಸಲ ಮೊದಲ ಗೆಟ್ ಶುರುವಾಗುವ ಮುಂಚೆಯೇ, ಓಪನ್ ಮುಗಿದ ಕ್ಷಣದಲ್ಲಿ, ಡಿಸಿಬಿಯೊಳಗೆ ಬಂದು ಕೂತಿರುತ್ತದೆ. ಆದ್ದರಿಂದ "ಎಲ್ಲಿ ಬಿತ್ತು" ಎನ್ನುವುದಕ್ಕಿಂತ "ಓಪನ್ ಆದ ಮೇಲೆ ಡಿಸಿಬಿಯಲ್ಲಿ ಏನಿತ್ತು, ಅದನ್ನು ಅಲ್ಲಿ ಇಟ್ಟವರು ಯಾರು" ಎಂದು ಕೇಳಿದರೆ ಬೇಗ ದಾರಿ ಸಿಗುತ್ತದೆ.

ಡಂಪ್ ತೆರೆಯುವ ಮೊದಲು

ಡಂಪ್ (ಜಾಬ್ ಬಿದ್ದ ಕ್ಷಣದ ಮೆಮೊರಿ ಮತ್ತು ರಿಜಿಸ್ಟರ್‌ಗಳ ಪ್ರತಿ) ನೋಡಲೇಬೇಡಿ, ಆಗಲೇ ಬೇಡ. ಮೊದಲು ಜಾಬ್ ಲಾಗ್ ಓದಿ. ಐಇಸಿ ಎಂದು ಶುರುವಾಗುವ ಸಂದೇಶಗಳೆಲ್ಲ ಫೈಲ್‌ಗೆ ಸಂಬಂಧಪಟ್ಟವು. ಅಬೆಂಡ್ (ಜಾಬ್ ನಡುವೆಯೇ ಕೆಟ್ಟು ನಿಂತದ್ದು) ಸಂದೇಶ ದೊಡ್ಡದಾಗಿ ಕಾಣುತ್ತದೆ, ಅದಕ್ಕೂ ಕೆಲವು ಸಾಲು ಮೇಲೆ ಒಂದು ಬಡಪಾಯಿ ಐಇಸಿ ಸಾಲು ಇರುತ್ತದೆ. ಕಣ್ಣು ಅದನ್ನು ದಾಟಿ ಹೋಗುತ್ತದೆ. ಹುಡುಕಬೇಕಾದದ್ದು ಆ ಸಾಲನ್ನೇ. ಅದರಲ್ಲಿ ಸಾಮಾನ್ಯವಾಗಿ ಜಾಬ್ ಹೆಸರು, ಸ್ಟೆಪ್, ಡಿಡಿ ಹೆಸರು (ಜಾಬ್ ಓಡಿಸುವ ಆಜ್ಞೆಗಳಾದ ಜೆಸಿಎಲ್‌ನಲ್ಲಿ ಪ್ರೋಗ್ರಾಮ್‌ಗೆ ಫೈಲ್ ಜೋಡಿಸುವ ಸಾಲಿನ ಹೆಸರು), ಡಿಸ್ಕಿನ ವಾಲ್ಯೂಮ್, ಡೇಟಾಸೆಟ್ ಹೆಸರು ಎಲ್ಲ ಬರೆದಿರುತ್ತದೆ. ನಾಲ್ಕು ಫೈಲ್ ಓದುವ ಪ್ರೋಗ್ರಾಮ್‌ನಲ್ಲಿ ಯಾವುದು ಕೈಕೊಟ್ಟಿತು ಎಂದು ಡಂಪ್ ಕೆದಕದೆಯೇ ತಿಳಿಯುತ್ತದೆ.

ಫೈಲ್ ತೆರೆದಿಲ್ಲ, ಆದರೂ ಓದಲು ಹೊರಟಿದೆ

ಲಕ್ಷಣ ಹೀಗಿರುತ್ತದೆ: 0ಸಿ1 (ಯಂತ್ರಕ್ಕೆ ಗೊತ್ತಿಲ್ಲದ ಇನ್‌ಸ್ಟ್ರಕ್ಷನ್) ಅಥವಾ 0ಸಿ4 (ಮುಟ್ಟಬಾರದ ಮೆಮೊರಿ) ಅಬೆಂಡ್. ಪಿಎಸ್‌ಡಬ್ಲ್ಯೂ (ಯಂತ್ರ ಆಗ ಯಾವ ವಿಳಾಸದಲ್ಲಿತ್ತು ಎಂಬ ದಾಖಲೆ) ತೋರಿಸುವ ವಿಳಾಸ ನಿಮ್ಮ ಲೋಡ್ ಮಾಡ್ಯೂಲ್‌ನ, ಅಂದರೆ ಓಡುವ ಪ್ರೋಗ್ರಾಮ್‌ನ, ಒಳಗೇ ಇಲ್ಲ, ಎಲ್ಲೋ ತೀರಾ ಕೆಳಗಿನ ಮೆಮೊರಿಯಲ್ಲಿದೆ. ಲಿಸ್ಟಿಂಗ್ (ಅಸೆಂಬ್ಲರ್ ಮುದ್ರಿಸಿದ ಕೋಡ್) ಹಿಡಿದುಕೊಂಡು ಎಷ್ಟು ಹುಡುಕಿದರೂ ಆ ಜಾಗ ಸಿಗುವುದಿಲ್ಲ.

ಜಾಬ್ ಲಾಗ್‌ನಲ್ಲಿ ಐಇಸಿ130ಐ ಇದೆಯೇ ನೋಡಿ. ಜೆಸಿಎಲ್‌ನಲ್ಲಿ ಆ ಡಿಡಿ ಹೆಸರೇ ಇಲ್ಲ ಎಂದು ಅದು ಹೇಳುತ್ತದೆ. ಇಲ್ಲಿ ಹೊಸಬರು ಎಡವುವ ವಿಷಯ ಒಂದಿದೆ: ಡಿಡಿ ಇಲ್ಲದಿದ್ದರೆ ಓಪನ್ ಅಬೆಂಡ್ ಮಾಡುವುದಿಲ್ಲ. ಈ ಸಂದೇಶ ಬರೆದು, ರಿಜಿಸ್ಟರ್ 15ರಲ್ಲಿ 8 ಇಟ್ಟು, ಸುಮ್ಮನೆ ನಿಮ್ಮ ಪ್ರೋಗ್ರಾಮ್‌ಗೆ ವಾಪಸಾಗುತ್ತದೆ. ಹಳೆಯ ಪ್ರೋಗ್ರಾಮ್‌ಗಳಲ್ಲಿ ರಿಜಿಸ್ಟರ್ 15 ನೋಡುವ ಪದ್ಧತಿಯೇ ಅಪರೂಪ. ಓಪನ್ ಆಯಿತು ಎಂದುಕೊಂಡು ನೇರ ಗೆಟ್‌ಗೆ ಹೋಗುತ್ತವೆ.

ಆಮೇಲೆ ಏನಾಗುತ್ತದೆ ಎಂಬುದು ತಿಳಿದಿದ್ದರೆ ಮುಂದಿನ ಸಲ ಡಂಪ್ ನೋಡಿದ ತಕ್ಷಣ ಗುರುತು ಹಿಡಿಯಬಹುದು. ಗೆಟ್ ಮ್ಯಾಕ್ರೊ ಬಿಡಿಸಿ ನೋಡಿದರೆ ಒಳಗೆ ದೊಡ್ಡದೇನೂ ಇಲ್ಲ. ರಿಜಿಸ್ಟರ್ 1ಕ್ಕೆ ಡಿಸಿಬಿ ವಿಳಾಸ ಹಾಕುತ್ತದೆ, ಡಿಸಿಬಿಯ 49ನೇ ಆಫ್‌ಸೆಟ್‌ನಿಂದ ಮೂರು ಬೈಟ್‌ಗಳನ್ನು ರಿಜಿಸ್ಟರ್ 15ಕ್ಕೆ ಎತ್ತಿಕೊಳ್ಳುತ್ತದೆ, ಅಲ್ಲಿಗೆ ಹಾರುತ್ತದೆ. ಓಪನ್ ಸರಿಯಾಗಿ ಆಗಿದ್ದರೆ ಆ ಮೂರು ಬೈಟ್‌ಗಳಲ್ಲಿ ಕ್ಯೂಸ್ಯಾಮ್‌ನ ಗೆಟ್ ರೂಟೀನ್ ವಿಳಾಸ ಇರುತ್ತದೆ. ಆಗಿಲ್ಲದಿದ್ದರೆ ಅದೇ ಜಾಗದಲ್ಲಿ ನೀವು ಡಿಸಿಬಿಯ ಮ್ಯಾಕ್‌ಆರ್‌ಎಫ್‌ನಲ್ಲಿ (ಓದುವ ವಿಧಾನ ಹೇಳುವ ಜಾಗ) ಬರೆದ ಆಯ್ಕೆಯ ಬಿಟ್‌ಗಳಿರುತ್ತವೆ. ಜಿಎಂ (ಮೂವ್ ಮೋಡ್) ಎಂದು ಬರೆದಿದ್ದರೆ ಅದು ಹೆಕ್ಸ್‌ನಲ್ಲಿ 005000, ಜಿಎಲ್ (ಲೊಕೇಟ್ ಮೋಡ್) ಎಂದಿದ್ದರೆ 004800. ಯಂತ್ರ ಪಾಪ ಅದನ್ನೇ ವಿಳಾಸ ಎಂದು ನಂಬಿ ಹಾರುತ್ತದೆ. ಅಲ್ಲಿ ಏನು ಬಿದ್ದಿದೆಯೋ ಅದರ ಮೇಲೆ 0ಸಿ1 ಬರುವುದೋ 0ಸಿ4 ಬರುವುದೋ ನಿರ್ಧಾರವಾಗುತ್ತದೆ. ನಿನ್ನೆ 0ಸಿ4 ಇದ್ದದ್ದು ಇಂದು 0ಸಿ1 ಆಗಿದೆ ಎಂದು ತಲೆಕೆಡಿಸಿಕೊಳ್ಳಬೇಡಿ, ಎರಡೂ ಒಂದೇ ಕಾಯಿಲೆ.

ಹಾಗಾಗಿ ಡಂಪ್‌ನಲ್ಲಿ ನೋಡಬೇಕಾದದ್ದು ಮೂರು ರಿಜಿಸ್ಟರ್. ರಿಜಿಸ್ಟರ್ 15ರ ಕೊನೆಯ ಮೂರು ಬೈಟ್ 005000 ಅಥವಾ 004800 ಆಗಿದ್ದರೆ ರೋಗನಿರ್ಣಯ ಮುಗಿಯಿತು. ರಿಜಿಸ್ಟರ್ 1 ಯಾವ ಡಿಸಿಬಿ ಎಂದು ಹೇಳುತ್ತದೆ. ರಿಜಿಸ್ಟರ್ 14ರಲ್ಲಿ ಆ ಗೆಟ್‌ನ ಮುಂದಿನ ಇನ್‌ಸ್ಟ್ರಕ್ಷನ್ ವಿಳಾಸ ಇರುತ್ತದೆ. ಅದರಿಂದ ಮಾಡ್ಯೂಲ್‌ನ ಲೋಡ್ ವಿಳಾಸ ಕಳೆದರೆ ಲಿಸ್ಟಿಂಗ್‌ನಲ್ಲಿ ಯಾವ ಗೆಟ್ ಎಂದು ನೇರ ಬೆರಳಿಡಬಹುದು. ಪಿಎಸ್‌ಡಬ್ಲ್ಯೂ ಈ ಸಂದರ್ಭದಲ್ಲಿ ಯಾವ ಕೆಲಸಕ್ಕೂ ಬರುವುದಿಲ್ಲ.

ಡಿಡಿ ಇದ್ದೂ ಹೀಗಾದರೆ? ಡಿಸಿಬಿಯ ಡಿಡಿನೇಮ್ ಮತ್ತು ಜೆಸಿಎಲ್‌ನ ಹೆಸರನ್ನು ಅಕ್ಷರ ಅಕ್ಷರ ಹೋಲಿಸಿ. ಸೊನ್ನೆಯೂ ಇಂಗ್ಲಿಷಿನ ಓ ಅಕ್ಷರವೂ ಅದಲುಬದಲಾದದ್ದನ್ನು ಹುಡುಕಲು ಒಳ್ಳೊಳ್ಳೆಯವರು ಅರ್ಧ ದಿನ ಕಳೆದುಕೊಂಡದ್ದಿದೆ. ಅದೂ ಸರಿ ಇದ್ದರೆ, ಪ್ರೋಗ್ರಾಮ್ ಆ ಓಪನ್ ಇರುವ ದಾರಿಯಲ್ಲಿ ಹಾದು ಬಂದಿದೆಯೇ ನೋಡಿ. ಷರತ್ತಿನ ಮೇಲೆ ತೆರೆಯುವ ಫೈಲ್‌ಗಳಲ್ಲಿ ಇದು ಮಾಮೂಲು.

ಪರಿಹಾರ: ಓಪನ್ ಆದ ಮೇಲೆ ಡಿಸಿಬಿಯ 48ನೇ ಆಫ್‌ಸೆಟ್‌ನ ಬೈಟ್‌ನಲ್ಲಿ ಹೆಕ್ಸ್ 10 ಬಿಟ್ ಹತ್ತಿದೆಯೇ ಎಂದು ಟಿಎಂ ಇನ್‌ಸ್ಟ್ರಕ್ಷನ್‌ನಿಂದ ಪರೀಕ್ಷಿಸಿ. ಹತ್ತಿಲ್ಲದಿದ್ದರೆ ಫೈಲ್ ಹೆಸರು ಹೇಳಿ ನಿಲ್ಲಿಸಿ. ಒಂದೇ ಓಪನ್‌ನಲ್ಲಿ ಹಲವು ಫೈಲ್ ತೆರೆಯುತ್ತಿದ್ದರೆ ರಿಜಿಸ್ಟರ್ 15 "ಯಾವುದೋ ಒಂದು ಆಗಲಿಲ್ಲ" ಎಂದಷ್ಟೇ ಹೇಳುತ್ತದೆ, ಯಾವುದು ಎಂದು ಹೇಳುವುದು ಈ ಬಿಟ್ ಮಾತ್ರ. ಬರಿಯ ಸಂಖ್ಯೆಗಳಲ್ಲಿ ಬರೆಯಲು ಮನಸ್ಸಿಲ್ಲದವರು ಡಿಸಿಬಿಡಿ ಮ್ಯಾಕ್ರೊ ಹಾಕಿ ಹೆಸರುಗಳಿಂದಲೇ ಬರೆಯಬಹುದು. ಅದು ಒಳ್ಳೆಯದು ಕೂಡ, ಮುಂದೆ ಓದುವವರು ಶಾಪ ಹಾಕುವುದಿಲ್ಲ.

013: ಮೂರು ಕಡೆಯಿಂದ ಬರುವ ಮಾಹಿತಿ

ಐಇಸಿ141ಐ ಸಂದೇಶದ ಜೊತೆ 013 ಬಂದರೆ ಓಪನ್‌ಗೆ ಫೈಲ್ ಸಿಕ್ಕಿದೆ, ಒಪ್ಪಿಗೆಯಾಗಿಲ್ಲ. 013ರ ನಂತರ ಬರುವ ಎರಡಂಕಿಯಲ್ಲಿ ಕಾರಣ ಇರುತ್ತದೆ. 013-18 ಎಂದರೆ ಪಿಡಿಎಸ್‌ನಲ್ಲಿ (ಹಲವು ಮೆಂಬರ್‌ಗಳಿರುವ ಡೇಟಾಸೆಟ್) ನೀವು ಕೇಳಿದ ಮೆಂಬರ್ ಇಲ್ಲ. ಹೆಸರು ಸರಿಪಡಿಸಿದರೆ ಮುಗಿಯಿತು. ಡೇಟಾಸೆಟ್ಟೇ ಆ ವಾಲ್ಯೂಮ್‌ನಲ್ಲಿ ಇಲ್ಲದಿದ್ದರೆ ಬರುವುದು 213-04, ಅದೂ ಅಷ್ಟೇ. ತಲೆನೋವಿನದು 013-20. ಎಫ್‌ಬಿ (ಎಲ್ಲ ರೆಕಾರ್ಡ್ ಒಂದೇ ಉದ್ದದ) ಫೈಲ್‌ನ ಬ್ಲಾಕ್‌ಸೈಜ್ (ಒಟ್ಟಿಗೆ ಓದುವ ರೆಕಾರ್ಡ್ ಗುಂಪಿನ ಉದ್ದ) ಎಲ್‌ರೆಕ್‌ಎಲ್‌ನ (ಒಂದು ರೆಕಾರ್ಡಿನ ಉದ್ದ) ಪೂರ್ಣ ಗುಣಕವಲ್ಲ ಎಂದು ಅದರ ಅರ್ಥ.

ಫೈಲ್ ಲೇಬಲ್ ನೋಡಿದರೆ ಎಲ್ಲ ಸರಿಯಾಗಿಯೇ ಕಾಣುತ್ತದೆ: ಎಲ್‌ರೆಕ್‌ಎಲ್ 100, ಬ್ಲಾಕ್‌ಸೈಜ್ 27900. ಎಲ್ಲಿ ತಪ್ಪು? ಓಪನ್ ಈ ಮಾಹಿತಿಯನ್ನು ಒಂದೇ ಕಡೆಯಿಂದ ತೆಗೆದುಕೊಳ್ಳುವುದಿಲ್ಲ. ಪ್ರೋಗ್ರಾಮ್‌ನ ಡಿಸಿಬಿಯಲ್ಲಿ ಬರೆದದ್ದಕ್ಕೆ ಮೊದಲ ಮರ್ಯಾದೆ. ಅಲ್ಲಿ ಖಾಲಿ ಇದ್ದರೆ ಜೆಸಿಎಲ್‌ನ ಡಿಡಿ. ಅಲ್ಲೂ ಖಾಲಿ ಇದ್ದರೆ ಡಿಸ್ಕಿನ ಮೇಲಿನ ಲೇಬಲ್. ಮೂವತ್ತು ವರ್ಷ ಹಿಂದೆ ಯಾರೋ ಡಿಸಿಬಿಯಲ್ಲಿ ಎಲ್‌ರೆಕ್‌ಎಲ್ 80 ಎಂದು ಬರೆದು ಹೋಗಿದ್ದಾರೆ. ಈಗ ಫೈಲ್ ಕಳಿಸುವವರು ಅದನ್ನು 100ಕ್ಕೆ ಬೆಳೆಸಿದ್ದಾರೆ. 80 ಪ್ರೋಗ್ರಾಮ್‌ನಿಂದ ಬಂತು, 27900 ಲೇಬಲ್‌ನಿಂದ ಬಂತು. ಭಾಗಿಸಿದರೆ 348.75. ಓಪನ್ ಒಪ್ಪಲಿಲ್ಲ.

ಜೆಸಿಎಲ್‌ನಲ್ಲಿ ಎಲ್‌ರೆಕ್‌ಎಲ್ 100 ಎಂದು ಬರೆದು ನೋಡುವವರಿದ್ದಾರೆ. ಏನೂ ಆಗುವುದಿಲ್ಲ, ಡಿಸಿಬಿಯ 80 ಅದನ್ನು ಮೀರಿಸುತ್ತದೆ. ವಿಬಿ (ಬೇರೆಬೇರೆ ಉದ್ದದ ರೆಕಾರ್ಡ್‌ಗಳ) ಫೈಲನ್ನು ಎಫ್‌ಬಿ ಎಂದು ಡಿಸಿಬಿಯಲ್ಲೇ ಬರೆದಿಟ್ಟ ಪ್ರೋಗ್ರಾಮ್‌ಗೂ ಇದೇ ಗತಿ: ಲೇಬಲ್‌ನ ಬ್ಲಾಕ್‌ಸೈಜ್ 27998 ಆಗಿದ್ದರೆ 80ರಿಂದ ಭಾಗವಾಗದು.

013 ಬಂದದ್ದು ಒಂದು ಲೆಕ್ಕದಲ್ಲಿ ಪುಣ್ಯ. ಫೈಲನ್ನು 100ಕ್ಕೆ ಬದಲು 160ಕ್ಕೆ ಬೆಳೆಸಿದ್ದರೆ ಏನಾಗುತ್ತಿತ್ತು ಲೆಕ್ಕ ಹಾಕಿ. 3390 ಡಿಸ್ಕಿನಲ್ಲಿ ಅರ್ಧ ಟ್ರ್ಯಾಕ್‌ಗೆ ಹಿಡಿಸುವ ಗರಿಷ್ಠ ಬ್ಲಾಕ್ 27998 ಬೈಟ್. ಅದರೊಳಗೆ 160ರ 174 ರೆಕಾರ್ಡ್ ಕೂರುತ್ತವೆ, ಬ್ಲಾಕ್‌ಸೈಜ್ 27840 ಆಗುತ್ತದೆ. ಈ 27840 ಎಂಬುದು 80ಕ್ಕೂ ಸರಿಯಾಗಿ 348 ಪಾಲು. ಓಪನ್ ನಗುನಗುತ್ತಾ ಒಪ್ಪಿಕೊಳ್ಳುತ್ತದೆ. ಪ್ರತಿ ರೆಕಾರ್ಡ್ ಎರಡು ತುಂಡಾಗಿ ಬರುತ್ತದೆ. ಅಬೆಂಡ್ ಇಲ್ಲ, ಎಚ್ಚರಿಕೆ ಇಲ್ಲ, ರಿಟರ್ನ್ ಕೋಡ್ ಸೊನ್ನೆ. ಮೊದಲ ಕಾಲಮ್‌ನ ರೆಕಾರ್ಡ್ ವಿಧ ನೋಡಿ ಗುರುತಿಲ್ಲದ್ದನ್ನು ಬಿಟ್ಟುಬಿಡುವ ಪ್ರೋಗ್ರಾಮ್ ಆಗಿದ್ದರೆ ಎರಡನೇ ತುಂಡುಗಳೆಲ್ಲ ಸದ್ದಿಲ್ಲದೆ ಕಸದ ಬುಟ್ಟಿಗೆ ಹೋಗುತ್ತವೆ, ಮೊತ್ತವೂ ತಾಳೆಯಾಗಬಹುದು. ಓದಿದ ರೆಕಾರ್ಡ್‌ಗಳ ಎಣಿಕೆ ಮಾತ್ರ ದುಪ್ಪಟ್ಟು. ಆ ಎಣಿಕೆಯನ್ನು ಯಾರೂ ನೋಡದ ಶಾಪ್‌ಗಳೇ ಹೆಚ್ಚು.

ಹಾಗಾದರೆ ಡಿಸಿಬಿಯಿಂದ ಎಲ್‌ರೆಕ್‌ಎಲ್ ಅಳಿಸಿಬಿಡೋಣವೇ? ಅರ್ಧ ಉತ್ತರ ಅಷ್ಟೇ. ಅಳಿಸಿದರೆ ಲೇಬಲ್‌ನ 160 ಬರುತ್ತದೆ. ಮೂವ್ ಮೋಡ್‌ನಲ್ಲಿ ಗೆಟ್ ನಿಮ್ಮ ಇನ್‌ಪುಟ್ ಏರಿಯಾ ಎಷ್ಟು ದೊಡ್ಡದು ಎಂದು ಕೇಳುವುದಿಲ್ಲ, 160 ಬೈಟ್ ತಂದು ಸುರಿಯುತ್ತದೆ. ಏರಿಯಾ 80 ಮಾತ್ರ ಇದ್ದರೆ ಅದರ ಹಿಂದೆ ಲಿಸ್ಟಿಂಗ್‌ನಲ್ಲಿ ಏನಿದೆಯೋ, ಮೊತ್ತದ ಫೀಲ್ಡೋ, ಇನ್ನೊಂದು ಡಿಸಿಬಿಯೋ, ಲಿಟರಲ್‌ಗಳೋ, ಅದು ಹಾಳು. ಮೊದಲ ಗೆಟ್ ಸರಿಯಾಗಿ ಆಗಿ, ಎಲ್ಲೋ ದೂರದಲ್ಲಿ ಸಂಬಂಧವೇ ಇಲ್ಲದ ಜಾಗದಲ್ಲಿ 0ಸಿ7 (ಸಂಖ್ಯೆಯಲ್ಲದ್ದನ್ನು ಲೆಕ್ಕಕ್ಕೆ ತೆಗೆದುಕೊಂಡಾಗಿನ ಅಬೆಂಡ್) ಬರುತ್ತದೆ. ಡಂಪ್‌ನಲ್ಲಿ ಆ ಹಾಳಾದ ಫೀಲ್ಡನ್ನು ಅಕ್ಷರಗಳಾಗಿ ಓದಿ. ಅದರಲ್ಲಿ ಗ್ರಾಹಕರ ಹೆಸರೋ ಊರೋ ಕಂಡರೆ ಅದು ಎಲ್ಲಿಂದ ಹರಿದು ಬಂತು ಎಂದು ಹೇಳಬೇಕಾಗಿಲ್ಲ.

ನಾನು ಮೆಚ್ಚುವ ಪದ್ಧತಿ ಇದು. ಇನ್‌ಪುಟ್ ಡಿಸಿಬಿಯಲ್ಲಿ ಬ್ಲಾಕ್‌ಸೈಜ್ ಯಾವತ್ತೂ ಬರೆಯಬೇಡಿ. ಎಲ್‌ರೆಕ್‌ಎಲ್ ಮತ್ತು ರೆಕ್‌ಎಫ್‌ಎಂ (ಎಫ್‌ಬಿಯೋ ವಿಬಿಯೋ ಎಂಬುದು) ಕೂಡ ಬರೆಯಬೇಡಿ. ಓಪನ್ ಆದ ಮೇಲೆ ಡಿಸಿಬಿಯ 82ನೇ ಆಫ್‌ಸೆಟ್‌ನ ಅರ್ಧ ವರ್ಡ್‌ನಲ್ಲಿ ಕೂತ ಎಲ್‌ರೆಕ್‌ಎಲ್ ಅನ್ನು ನಿಮ್ಮ ಏರಿಯಾದ ಉದ್ದದ ಜೊತೆ ಹೋಲಿಸಿ. 36ನೇ ಆಫ್‌ಸೆಟ್‌ನ ರೆಕ್‌ಎಫ್‌ಎಂ ಬೈಟ್ ಎಫ್‌ಬಿಗೆ ಹೆಕ್ಸ್ 90, ವಿಬಿಗೆ 50 ಇರಬೇಕು. ಮುದ್ರಣದ ಕಂಟ್ರೋಲ್ ಅಕ್ಷರ ಇರುವ ಫೈಲ್ ಆದರೆ 94 ಎಂದೂ ಕಾಣಬಹುದು. ಎಫ್‌ಬಿಯಲ್ಲಿ ಉದ್ದ ಸಮವಿಲ್ಲದಿದ್ದರೆ, ವಿಬಿಯಲ್ಲಿ ಏರಿಯಾಕ್ಕಿಂತ ದೊಡ್ಡದಿದ್ದರೆ, ಸಂದೇಶ ಕೊಟ್ಟು ಅಲ್ಲೇ ನಿಲ್ಲಿಸಿ. ಆರೇಳು ಸಾಲಿನ ಕೋಡ್. ಮಾಡಿದವರು ಕಡಿಮೆ.

ಬ್ಲಾಕ್‌ಸೈಜ್ ಬರೆಯಬೇಡಿ ಎಂದದ್ದಕ್ಕೆ ಕಾರಣ 001-4. ಡಿಸಿಬಿಯಲ್ಲಿ 800 ಎಂದು ಬರೆದು, ಫೈಲ್‌ನಲ್ಲಿ 27920ರ ಬ್ಲಾಕ್‌ಗಳಿದ್ದರೆ ಓಪನ್ ಒಪ್ಪುತ್ತದೆ, ಏಕೆಂದರೆ 800 ಎಂಬುದು 80ರ ಗುಣಕ. ಓದುವಾಗ ಬರುವ ಬ್ಲಾಕ್ ಅಳತೆ ಬೇರೆಯಾಗಿ ಐಒ ಎರರ್ ಆಗುತ್ತದೆ. ಐಇಸಿ020ಐ ಸಂದೇಶ, ಹಿಂದೆಯೇ 001. "ಡಿಸ್ಕ್ ಕೆಟ್ಟಿದೆ" ಎಂದು ಸ್ಟೋರೇಜ್ ತಂಡಕ್ಕೆ ಟಿಕೆಟ್ ಹಾಕುವ ಮೊದಲು ಡಿಸಿಬಿ ನೋಡಿ.

ಅಬೆಂಡ್ ಇಲ್ಲ, ಉತ್ತರ ತಪ್ಪು

ಬಿದ್ದ ಜಾಬ್ ಸುಲಭ. ಬೀಳದೆ ತಪ್ಪು ಹೇಳುವ ಜಾಬ್ ಕಷ್ಟ. ಇಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ: ಮೂವ್ ಮೋಡೋ ಲೊಕೇಟ್ ಮೋಡೋ?

ಮೂವ್ ಮೋಡ್‌ನಲ್ಲಿ ಗೆಟ್ ರೆಕಾರ್ಡನ್ನು ನಿಮ್ಮ ಏರಿಯಾಕ್ಕೆ ತಂದುಕೊಡುತ್ತದೆ. ಲೊಕೇಟ್ ಮೋಡ್‌ನಲ್ಲಿ ರೆಕಾರ್ಡ್ ಬಫರ್‌ನಲ್ಲೇ ಇರುತ್ತದೆ, ಅದರ ವಿಳಾಸ ಮಾತ್ರ ರಿಜಿಸ್ಟರ್ 1ರಲ್ಲಿ ಸಿಗುತ್ತದೆ. ಡಿಸಿಬಿಯಲ್ಲಿ ಬರೆದದ್ದಕ್ಕೂ ಗೆಟ್‌ನಲ್ಲಿ ಬರೆದದ್ದಕ್ಕೂ ತಾಳೆ ಇದೆಯೇ ಎಂದು ಅಸೆಂಬ್ಲರ್ ನೋಡುವುದಿಲ್ಲ. ಡಿಸಿಬಿ ಜಿಎಲ್, ಗೆಟ್‌ನಲ್ಲಿ ಏರಿಯಾ ಹೆಸರು ಕೊಟ್ಟಿದ್ದೀರಿ ಎಂದರೆ ಆ ಏರಿಯಾ ಕೊನೆಯವರೆಗೂ ಖಾಲಿಯೇ ಇರುತ್ತದೆ. ಎಲ್ಲ ರೆಕಾರ್ಡ್‌ಗಳೂ ಒಂದೇ ಥರ, ಬರೀ ಸ್ಪೇಸ್. ಇದು ತಿರುಗುಮುರುಗಾದರೆ ಅಪಾಯ ಹೆಚ್ಚು: ಡಿಸಿಬಿ ಜಿಎಂ, ಗೆಟ್‌ನಲ್ಲಿ ಏರಿಯಾ ಇಲ್ಲ. ಆಗ ರಿಜಿಸ್ಟರ್ 0ಯಲ್ಲಿ ಹಿಂದಿನ ಯಾವುದೋ ಕೆಲಸದಿಂದ ಉಳಿದ ಮೌಲ್ಯವೇ ವಿಳಾಸ, ರೆಕಾರ್ಡ್ ಅಲ್ಲಿಗೆ ಹೋಗುತ್ತದೆ.

ಲೊಕೇಟ್ ಮೋಡ್‌ನ ಅಸಲಿ ಮೋಸ ಬೇರೆ. ಖಾತೆ ಸಂಖ್ಯೆ ಬದಲಾದಾಗ ಉಪಮೊತ್ತ ಬರೆಯುವ ಪ್ರೋಗ್ರಾಮ್ ಇದೆ ಎಂದುಕೊಳ್ಳಿ. ಹಿಂದಿನ ರೆಕಾರ್ಡ್ ನಕಲು ಮಾಡಿಟ್ಟುಕೊಳ್ಳುವ ಬದಲು ಅದರ ವಿಳಾಸವನ್ನಷ್ಟೇ ಇನ್ನೊಂದು ರಿಜಿಸ್ಟರ್‌ನಲ್ಲಿ ಇಟ್ಟುಕೊಂಡಿದ್ದಾರೆ. ಬರೆದವರಿಗೆ ವೇಗ ಬೇಕಿತ್ತು. ಪರೀಕ್ಷೆಯಲ್ಲಿ ಇದು ಚೆನ್ನಾಗಿ ನಡೆಯುತ್ತದೆ, ಏಕೆಂದರೆ ಪರೀಕ್ಷೆಯ ಫೈಲ್ ಒಂದೇ ಬ್ಲಾಕ್‌ನಲ್ಲಿ ಮುಗಿಯುತ್ತದೆ. ಪ್ರೊಡಕ್ಷನ್‌ನಲ್ಲಿ 27920ರ ಬ್ಲಾಕ್‌ಗೆ 349 ರೆಕಾರ್ಡ್. ಗೆಟ್ ಒಂದು ಬ್ಲಾಕ್ ದಾಟಿ ಮುಂದಿನದಕ್ಕೆ ಕಾಲಿಟ್ಟ ಕೂಡಲೇ ಹಿಂದಿನ ಬಫರ್‌ಗೆ ಹೊಸ ಬ್ಲಾಕ್ ತುಂಬಿಸಲು ಕ್ಯೂಸ್ಯಾಮ್ ಹೊರಡುತ್ತದೆ. ನಿಮ್ಮ "ಹಿಂದಿನ ರೆಕಾರ್ಡ್" ಈಗ ಮುಂದೆಂದೋ ಬರಬೇಕಾದ ರೆಕಾರ್ಡ್ ಆಗಿಬಿಟ್ಟಿರಬಹುದು. ಆಗಿರಬಹುದು ಎಂದೆ, ಏಕೆಂದರೆ ಅದು ಡಿಸ್ಕ್ ಎಷ್ಟು ಬೇಗ ತುಂಬಿಸಿತು ಎಂಬುದರ ಮೇಲೆ ನಿಂತಿದೆ. ಒಮ್ಮೆ ತಪ್ಪು, ಮರು ಓಟದಲ್ಲಿ ಸರಿ. ಲಕ್ಷಣದ ಗುರುತು: ತಪ್ಪಾದ ರೆಕಾರ್ಡ್‌ಗಳ ಕ್ರಮಸಂಖ್ಯೆ ಬರೆದುಕೊಂಡು ಅವುಗಳ ನಡುವಿನ ಅಂತರ ಬ್ಲಾಕಿಂಗ್ ಸಂಖ್ಯೆಯ (ಇಲ್ಲಿ 349ರ) ಗುಣಕವೇ ನೋಡಿ. ಹೌದಾದರೆ ವಿಳಾಸ ಇಡುವುದು ಬಿಟ್ಟು ಕೀಯನ್ನು ನಕಲು ಮಾಡಿ ಇಟ್ಟುಕೊಳ್ಳಿ. ಪರೀಕ್ಷೆಯ ಫೈಲನ್ನೂ ಒಂದು ಬ್ಲಾಕ್ ಮೀರುವಂತೆ ಮಾಡಿ. ಬ್ಲಾಕ್‌ಸೈಜನ್ನು 160ಕ್ಕೆ ಇಳಿಸಿದರೆ ಇಪ್ಪತ್ತು ರೆಕಾರ್ಡ್ ಸಾಕು.

ವಿಬಿ ಫೈಲ್‌ಗೆ ಮೂವ್ ಮೋಡ್ ಬಳಸಿದರೆ ಇನ್ನೊಂದು ತರಲೆ. ಪ್ರತಿ ರೆಕಾರ್ಡಿನ ಮೊದಲ ನಾಲ್ಕು ಬೈಟ್ ಆರ್‌ಡಿಡಬ್ಲ್ಯೂ, ಅದರ ಮೊದಲ ಎರಡು ಬೈಟ್‌ನಲ್ಲಿ ಒಟ್ಟು ಉದ್ದ, ಆ ನಾಲ್ಕನ್ನೂ ಸೇರಿಸಿ. ಮೊದಲ ರೆಕಾರ್ಡ್ 120 ಬೈಟ್, ಎರಡನೆಯದು 60 ಎಂದರೆ ಎರಡನೇ ಗೆಟ್ ಏರಿಯಾದ ಮೊದಲ 60 ಬೈಟ್ ಮಾತ್ರ ಬದಲಿಸುತ್ತದೆ. ಒರೆಸದ ಬೋರ್ಡಿನ ಮೇಲೆ ಬರೆದ ಹಾಗೆ, ಹಿಂದಿನ ರೆಕಾರ್ಡಿನ ಬಾಲ ಅಲ್ಲೇ ಉಳಿಯುತ್ತದೆ. ಒಬ್ಬ ಗ್ರಾಹಕನ ವಿಳಾಸದ ಕೊನೆ ಸಾಲು ಇನ್ನೊಬ್ಬನ ಪತ್ರದಲ್ಲಿ ಅಚ್ಚಾಗುವುದು ಹೀಗೆಯೇ.

ಇದಕ್ಕೆ ಎಕ್ಸಿಕ್ಯೂಟ್ ಇನ್‌ಸ್ಟ್ರಕ್ಷನ್‌ನಿಂದ ಉದ್ದಕ್ಕೆ ತಕ್ಕಂತೆ ಎಂವಿಸಿ (ಬೈಟ್‌ಗಳನ್ನು ನಕಲಿಸುವ ಇನ್‌ಸ್ಟ್ರಕ್ಷನ್) ಮಾಡುವುದು ವಾಡಿಕೆ. ಅಲ್ಲಿ ಎರಡು ಗುಂಡಿಗಳಿವೆ. ಎಂವಿಸಿಯ ಉದ್ದದ ಬೈಟ್‌ನಲ್ಲಿ ನಿಜವಾದ ಉದ್ದಕ್ಕಿಂತ ಒಂದು ಕಡಿಮೆ ಇರಬೇಕು, ಅಂದರೆ ಆರ್‌ಡಿಡಬ್ಲ್ಯೂ ಮೌಲ್ಯದಿಂದ 5 ಕಳೆಯಬೇಕು. ಡೇಟಾ ಇಲ್ಲದ ರೆಕಾರ್ಡ್‌ಗೆ ಅದು ಮೈನಸ್ 1 ಆಗಿ, ಕೊನೆಯ ಬೈಟ್ ಎಫ್‌ಎಫ್ ಆಗಿ, 256 ಬೈಟ್ ಹರಿದುಹೋಗುತ್ತದೆ. ಇನ್ನೊಂದು ತುದಿಯಲ್ಲಿ, 300 ಬೈಟ್ ಡೇಟಾ ಇದ್ದರೆ 299ರ ಕೊನೆಯ ಬೈಟ್ ಮಾತ್ರ ಲೆಕ್ಕಕ್ಕೆ ಬಂದು 44 ಬೈಟ್ ಅಷ್ಟೇ ನಕಲಾಗುತ್ತದೆ. ಯಾವ ಅಬೆಂಡೂ ಇಲ್ಲ. 256 ದಾಟುವ ಸಾಧ್ಯತೆ ಇದ್ದರೆ ಎಂವಿಸಿಎಲ್ ಬಳಸಿ.

ಕೆಲವು ರೆಕಾರ್ಡ್ ಸುಮ್ಮನೆ ಮಾಯವಾಗಿದ್ದರೆ ಡಿಸಿಬಿಯಲ್ಲಿ ಎರ್‌ಆಪ್ಟ್ ಎಸ್‌ಕೆಪಿ ಇದೆಯೇ ನೋಡಿ. ಓದುವಾಗ ಎರರ್ ಬಂದ ಬ್ಲಾಕನ್ನು ಬಿಟ್ಟು ಮುಂದೆ ಹೋಗು ಎಂದು ಅದರ ಅರ್ಥ. ಬಿಡುವುದು ರೆಕಾರ್ಡನ್ನಲ್ಲ, ಇಡೀ ಬ್ಲಾಕನ್ನು. ಟೇಪ್ ಕಾಲದಲ್ಲಿ ಇದಕ್ಕೊಂದು ಅರ್ಥ ಇದ್ದಿರಬಹುದು. ಹಣದ ಲೆಕ್ಕ ಮಾಡುವ ಪ್ರೋಗ್ರಾಮ್‌ನಲ್ಲಿ ಇದನ್ನು ಕಂಡರೆ ತೆಗೆದುಹಾಕಿ. ಬೀಳುವುದೇ ವಾಸಿ.

ಫೈಲ್ ಮುಗಿದಾಗ

ಕೊನೆಯ ರೆಕಾರ್ಡ್ ಆದ ಮೇಲೆ ಇನ್ನೊಂದು ಗೆಟ್ ಕೊಟ್ಟಾಗ ನಿಯಂತ್ರಣ ಡಿಸಿಬಿಯ ಇಓಡ್ಯಾಡ್ ವಿಳಾಸಕ್ಕೆ ಹೋಗುತ್ತದೆ. ವಿಳಾಸವೇ ಕೊಟ್ಟಿಲ್ಲದಿದ್ದರೆ 337. ಅಲ್ಲಿಗೆ ಹೋದ ಮೇಲೂ ಅದೇ ಫೈಲ್‌ಗೆ ಮತ್ತೆ ಗೆಟ್ ಕೊಟ್ಟರೆ 001-5. ಎರಡು ಫೈಲ್‌ಗಳನ್ನು ಹೋಲಿಸುತ್ತಾ ಓದುವ ಪ್ರೋಗ್ರಾಮ್‌ಗಳಲ್ಲಿ ಎರಡನೆಯದು ಸಾಮಾನ್ಯ: ಒಂದು ಮುಗಿದಿದೆ ಎಂಬ ಗುರುತನ್ನು ಯಾರೂ ನೋಡುತ್ತಿಲ್ಲ. ಮುಗಿದ ಫೈಲ್‌ನ ಕೀಗೆ ಹೆಕ್ಸ್ ಎಫ್‌ಎಫ್ ತುಂಬಿಸಿಟ್ಟರೆ ಹೋಲಿಕೆಯಲ್ಲಿ ಅದು ಯಾವಾಗಲೂ ದೊಡ್ಡದಾಗಿ, ಮತ್ತೆ ಓದುವ ಸರದಿಯೇ ಬರುವುದಿಲ್ಲ.

ಇಓಡ್ಯಾಡ್‌ಗೆ ಕಾಲಿಟ್ಟ ತಕ್ಷಣ 0ಸಿ1 ಅಥವಾ 0ಸಿ4 ಬಂದರೆ ಬೇಸ್ ರಿಜಿಸ್ಟರ್ (ಕೋಡ್ ತನ್ನ ವಿಳಾಸಗಳನ್ನು ಲೆಕ್ಕ ಹಾಕಲು ಆಧಾರವಾಗಿರುವುದು) ಮೇಲೆ ಅನುಮಾನಪಡಿ. ಇಓಡ್ಯಾಡ್ ಎಂಬುದು ಕರೆದು ವಾಪಸಾಗುವ ಸಬ್‌ರೂಟೀನ್ ಅಲ್ಲ. ಗೆಟ್ ಕೊಟ್ಟಾಗ ರಿಜಿಸ್ಟರ್ 2ರಿಂದ 13ರವರೆಗೆ ಏನಿತ್ತೋ ಅದರೊಂದಿಗೇ ಹೊಸ ಜಾಗಕ್ಕೆ ಹಾರಿದಂತೆ. ಗೆಟ್ ಇದ್ದದ್ದು ಬೇರೆ ಬೇಸ್ ಇರುವ ಸಬ್‌ರೂಟೀನ್‌ನಲ್ಲಿ, ಇಓಡ್ಯಾಡ್ ಇರುವುದು ಮೇನ್‌ನಲ್ಲಿ ಎಂದಾದರೆ ಅಲ್ಲಿನ ಪ್ರತಿ ವಿಳಾಸವೂ ತಪ್ಪು. ರಿಜಿಸ್ಟರ್ 13 ಕೂಡ ಒಳಗಿನ ಸೇವ್ ಏರಿಯಾವನ್ನೇ (ರಿಜಿಸ್ಟರ್‌ಗಳನ್ನು ಉಳಿಸಿಡುವ ಜಾಗ) ತೋರಿಸುತ್ತಿರುತ್ತದೆ. ಮೇನ್ ಅದನ್ನು ತನ್ನದೆಂದುಕೊಂಡು ರಿಟರ್ನ್ ಮಾಡಿದರೆ ಆಪರೇಟಿಂಗ್ ಸಿಸ್ಟಮ್‌ಗೆ ಹೋಗಬೇಕಾದದ್ದು ಪ್ರೋಗ್ರಾಮ್‌ನ ನಡುಮಧ್ಯಕ್ಕೆ ಹೋಗಿ, ಎಲ್ಲ ಮುಗಿಯಿತು ಎಂದ ಜಾಬ್ ಮತ್ತೆ ಓಡಲು ಶುರುಮಾಡುತ್ತದೆ. ಇದನ್ನು ತಪ್ಪಿಸಲು ಇಓಡ್ಯಾಡ್ ಲೇಬಲನ್ನು ಗೆಟ್ ಇರುವ ಸಬ್‌ರೂಟೀನ್‌ನಲ್ಲೇ ಇಟ್ಟು, ಅಲ್ಲಿ ಒಂದು ಗುರುತು ಹಾಕಿ, ಆ ಸಬ್‌ರೂಟೀನ್‌ನ ಮಾಮೂಲು ಬಾಗಿಲಿನಿಂದಲೇ ಹೊರಬನ್ನಿ.

ಕೊನೆಯ ಖಾತೆಯ ಉಪಮೊತ್ತ ವರದಿಯಲ್ಲಿ ಇಲ್ಲ ಎಂಬ ದೂರು ಬಂದರೆ ಇಓಡ್ಯಾಡ್‌ನಿಂದ ನೇರ ಕ್ಲೋಸ್‌ಗೆ ಹೋಗಿರುತ್ತಾರೆ. ಖಾಲಿ ಫೈಲ್ ಅಥವಾ ಡಿಡಿ ಡಮ್ಮಿ (ಫೈಲ್ ಇಲ್ಲದ ಹುಸಿ ಡಿಡಿ) ಇದ್ದಾಗ ಮೊದಲ ಗೆಟ್ಟೇ ಇಓಡ್ಯಾಡ್‌ಗೆ ಹೋಗುತ್ತದೆ. ಸರಾಸರಿ ತೆಗೆಯುವ ಕೋಡ್ ಅಲ್ಲಿದ್ದರೆ ಸೊನ್ನೆಯಿಂದ ಭಾಗಿಸಿ 0ಸಿಬಿ. ಹಬ್ಬದ ರಜೆಯ ಮರುದಿನ ಮಾತ್ರ ಬೀಳುವ ಜಾಬ್‌ಗಳನ್ನು ಇಲ್ಲಿ ಮೊದಲು ಹುಡುಕಿ.

0ಸಿ7: ಓದಿದ್ದು ಸರಿ, ಬಂದದ್ದು ಸರಿಯಿಲ್ಲ

ಪ್ಯಾಕ್ ಮಾಡಿ (ಅಕ್ಷರ ರೂಪದ ಅಂಕಿಗಳನ್ನು ಲೆಕ್ಕದ ರೂಪಕ್ಕೆ ತಂದು) ಕೂಡುವಾಗ 0ಸಿ7 ಬಂದರೆ ಆ ಫೀಲ್ಡನ್ನು ಹೆಕ್ಸ್‌ನಲ್ಲಿ ನೋಡಿ. ಇಬಿಸಿಡಿಐಸಿಯಲ್ಲಿ (ಮೇನ್‌ಫ್ರೇಮ್‌ನ ಅಕ್ಷರ ಸಂಕೇತ) ಅಂಕಿಗಳು ಎಫ್0ಯಿಂದ ಎಫ್9. ಅಲ್ಲಿ 40 40 40 ಇದ್ದರೆ ಕಳಿಸಿದವರು ಸೊನ್ನೆಯ ಬದಲು ಸ್ಪೇಸ್ ಬಿಟ್ಟಿದ್ದಾರೆ. ಪ್ಯಾಕ್ ಕೊನೆಯ ಬೈಟನ್ನು 04 ಮಾಡುತ್ತದೆ, 4 ಎಂಬುದು ಚಿಹ್ನೆಯಲ್ಲ. 30ರಿಂದ 39ರವರೆಗಿನ ಬೈಟ್‌ಗಳು ಕಂಡರೆ ಯಾರೋ ಎಫ್‌ಟಿಪಿಯಲ್ಲಿ ಬೈನರಿ ಎಂದು ಕಳಿಸಿ ಆಸ್ಕಿ ಅಕ್ಷರಗಳೇ ಬಂದು ಕೂತಿವೆ. ಕೋಡ್ ಮುಟ್ಟುವ ಮೊದಲು ಐಡಿಕ್ಯಾಮ್ಸ್ ಯುಟಿಲಿಟಿಯ ಪ್ರಿಂಟ್ ಆಜ್ಞೆಯಿಂದ ಮೊದಲ ಕೆಲವು ರೆಕಾರ್ಡ್‌ಗಳನ್ನು ಡಂಪ್ ರೂಪದಲ್ಲಿ ತೆಗೆದು ನೋಡಿದರೆ ಐದು ನಿಮಿಷದ ಕೆಲಸ. ಫೀಲ್ಡ್ ಸರಿಯಾಗಿದ್ದು ಜಾಗ ಸರಿದಿದ್ದರೆ, ವಿಬಿಯ ನಾಲ್ಕು ಬೈಟ್ ಆರ್‌ಡಿಡಬ್ಲ್ಯೂ ಮರೆತಿದ್ದಾರೆಯೇ ಎಂದು ನೋಡಿ.

ಉಳಿದ ಎರಡು

ಗೆಟ್ ತನ್ನ ಕೆಲಸಕ್ಕೆ ರಿಜಿಸ್ಟರ್ 13 ತೋರಿಸುವ ಜಾಗದಲ್ಲಿ ರಿಜಿಸ್ಟರ್‌ಗಳನ್ನು ಬರೆದಿಡುತ್ತದೆ. ಅಲ್ಲಿ 18 ವರ್ಡ್‌ಗಳ ಸೇವ್ ಏರಿಯಾ ಇಲ್ಲದಿದ್ದರೆ ಬೇರೆ ಯಾರದೋ ಮೇಲೆ ಬರೆಯುತ್ತದೆ. ರಿಜಿಸ್ಟರ್ 0, 1, 14, 15 ಗೆಟ್ ಆದ ಮೇಲೆ ನಿಮ್ಮವಲ್ಲ. ರಿಜಿಸ್ಟರ್ 14ರಲ್ಲಿ ಸಬ್‌ರೂಟೀನ್‌ನ ವಾಪಸಾಗುವ ವಿಳಾಸ ಇಟ್ಟುಕೊಂಡು ಗೆಟ್ ಕೊಟ್ಟರೆ ಹಿಂತಿರುಗುವ ಬದಲು ಗೆಟ್‌ನ ಮುಂದಿನ ಸಾಲಿಗೇ ಬಂದು ಸುತ್ತುತ್ತಲೇ ಇರುತ್ತದೆ. ಸಮಯ ಮೀರಿ 322 ಬಂದ ಜಾಬ್‌ನಲ್ಲಿ ಇದನ್ನು ನೋಡಿ.

ಇನ್ನೊಂದು 16 ಎಂಬಿ ಗಡಿ. ಡಿಸಿಬಿ ಅದರ ಕೆಳಗೇ ಇರಬೇಕು, ಅದರೊಳಗಿನ ಇಓಡ್ಯಾಡ್ ಕೂಡ ಮೂರೇ ಬೈಟ್. ಹಳೆಯ ಪ್ರೋಗ್ರಾಮನ್ನು "ಆಧುನಿಕ" ಮಾಡುವ ಉತ್ಸಾಹದಲ್ಲಿ ಆರ್‌ಮೋಡ್ ಎನಿ (ಗಡಿಯ ಮೇಲೂ ಕೂರಬಹುದು) ಎಂದು ಬರೆದು ಲಿಂಕ್ ಮಾಡಿದರೆ ಡಿಸಿಬಿ ಗಡಿಯ ಮೇಲೆ ಹೋಗಿ ಕೂರುತ್ತದೆ, ಒಂದಕ್ಷರ ಕೋಡ್ ಬದಲಿಸದಿದ್ದರೂ ಓಪನ್ ಕೆಡುತ್ತದೆ. ಆರ್‌ಮೋಡ್ 24ಕ್ಕೆ ಮರಳಿ, ಇಲ್ಲವೇ ಡಿಸಿಬಿಯನ್ನು ಕೆಳಗೆ ತೆಗೆದುಕೊಂಡ ಸ್ಟೋರೇಜ್‌ಗೆ ನಕಲಿಸಿ. ಇಓಡ್ಯಾಡ್ ಮೇಲೆಯೇ ಇರಬೇಕೆಂದಿದ್ದರೆ ಡಿಸಿಬಿಯ ವಿಸ್ತರಣೆಯಾದ ಡಿಸಿಬಿಇ ಮ್ಯಾಕ್ರೊದಲ್ಲಿ ಕೊಡಿ.

ಕೆಡಿಸಿ ಕಲಿಯುವುದು

ಇವನ್ನೆಲ್ಲ ಕಂಪನಿಯ ಯಂತ್ರದಲ್ಲಿ ಬೇಕೆಂದೇ ಕೆಡಿಸಿ ನೋಡಲು ಯಾರೂ ಬಿಡುವುದಿಲ್ಲ. ಮನೆಯ ಲ್ಯಾಪ್‌ಟಾಪ್‌ನಲ್ಲಿ ಹರ್ಕ್ಯುಲೀಸ್ ಎಮ್ಯುಲೇಟರ್ ಹಾಕಿ ಅದರ ಮೇಲೆ ಎಂವಿಎಸ್ 3.8ಜೆ ಎಂಬ ಹಳೆಯ ಮೇನ್‌ಫ್ರೇಮ್ ಆಪರೇಟಿಂಗ್ ಸಿಸ್ಟಮ್ ಓಡಿಸಬಹುದು, ಅದಕ್ಕೆ ಪರವಾನಗಿ ಹಣ ಇಲ್ಲ. ಅಲ್ಲಿರುವುದು ಹಳೆಯ ಐಫಾಕ್ಸ್00 ಅಸೆಂಬ್ಲರ್, 24 ಬಿಟ್ ವಿಳಾಸ. ಡಿಸಿಬಿಇ ಇಲ್ಲ. ಬ್ಲಾಕ್‌ಸೈಜನ್ನು ತಾನೇ ಲೆಕ್ಕ ಹಾಕಿ ಕೊಡುವ ಸೌಲಭ್ಯವೂ ಇಲ್ಲ, ಹೊಸ ಫೈಲ್ ಮಾಡುವಾಗ ನೀವೇ ಬರೆಯಬೇಕು. ಹಲವು ಫೈಲ್‌ಗಳನ್ನು ಒಂದೇ ಡಿಡಿಯಲ್ಲಿ ಜೋಡಿಸುವಾಗ ದೊಡ್ಡ ಬ್ಲಾಕ್‌ಸೈಜ್ ಇರುವುದನ್ನು ಮೊದಲು ಇಡಬೇಕು, ಇಲ್ಲದಿದ್ದರೆ ಎರಡನೇ ಫೈಲ್‌ಗೆ ಬಂದಾಗ 001.

ಮೊದಲ ಪ್ರಯೋಗ ಡಿಡಿ ತೆಗೆದು ಓಡಿಸುವುದೇ ಆಗಲಿ. ಸಿಸ್‌ಯುಡಂಪ್ ಡಿಡಿ ಹಾಕುವುದು ಮರೆಯಬೇಡಿ, ಅದಿಲ್ಲದೆ ಡಂಪ್ ಬರುವುದಿಲ್ಲ. ಮ್ಯಾಕ್‌ಆರ್‌ಎಫ್ ಜಿಎಂ ಇಟ್ಟು ಒಮ್ಮೆ, ಜಿಎಲ್ ಇಟ್ಟು ಒಮ್ಮೆ ಓಡಿಸಿ ರಿಜಿಸ್ಟರ್ 15 ನೋಡಿ. ಆಮೇಲೆ 160ರ ಫೈಲನ್ನು 80 ಎಂದು ಓದಿಸಿ, ರೆಕಾರ್ಡ್ ಎಣಿಸಿ.